ಮಂಡಿಯ ಪಟ್ಟಿ ಬರೆಯುವ ಪೈಥಾನ್ ಆಪ್: ಡಾಕರ್ ಕಂಟೇನರಿನಲ್ಲಿ ಕೂರಿಸುವ ಬಗೆ

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದಕ್ಕೆ ಪಟ್ಟಿ ಬರೆಯುವ ಪುಟ್ಟ ವೆಬ್ ಆಪ್ ಇದೆ ಎಂದುಕೊಳ್ಳಿ. ರೈತರ ಹೆಸರು, ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಲ್ ದರ ಎಷ್ಟು ಎಂದು ತುಂಬಿದರೆ ಮೊತ್ತ ಬರುತ್ತದೆ. 42 ಚೀಲ ಮೆಕ್ಕೆಜೋಳ, 25.20 ಕ್ವಿಂಟಲ್, ದರ 2,150. ಮೊತ್ತ 54,180 ರೂಪಾಯಿ. ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಚೌಕಟ್ಟಿನಲ್ಲಿ ಬರೆದದ್ದು, ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಫೈಲಿನಲ್ಲಿ. ಬರೆದವರ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಓಡುತ್ತದೆ. ಅಂಗಡಿಯ ಕಂಪ್ಯೂಟರಿಗೆ ಹಾಕಿದ ಕೂಡಲೇ ಪೈಥಾನ್ ಆವೃತ್ತಿ ಬೇರೆ, ಲೈಬ್ರರಿ ಬೇರೆ, ತಕರಾರು ಶುರು. ಈ ತಕರಾರನ್ನು ತಪ್ಪಿಸಲೆಂದೇ ಕಂಟೇನರ್ ಇರುವುದು: ಆಪ್, ಅದಕ್ಕೆ ಬೇಕಾದ ಪೈಥಾನ್, ಲೈಬ್ರರಿ ಎಲ್ಲ ಒಂದೇ ಡಬ್ಬಿಯಲ್ಲಿ. ಆ ಡಬ್ಬಿಯನ್ನು ಕಟ್ಟಿ ಓಡಿಸುವ ಸಾಧನ ಡಾಕರ್.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕಂಟೇನರನ್ನು ಯಾವ ಹೊತ್ತಿನಲ್ಲಿ ಬೇಕಾದರೂ ಅಳಿಸಿ ಮತ್ತೆ ಎಬ್ಬಿಸುವಂತಿರಬೇಕು, ಪಟ್ಟಿಗಳು ಮಾತ್ರ ಒಂದೂ ಕಳೆಯಬಾರದು. ಕೆಳಗಿನ ಅರ್ಧಕ್ಕರ್ಧ ಹಂತಗಳು ಇದಕ್ಕಾಗಿಯೇ.

ಇಲ್ಲಿ ಕಮಾಂಡುಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹೊಡೆಯಬೇಕು. ಚುಕ್ಕೆ, ಅಡ್ಡಗೆರೆ, ಕೋಲನ್, ಅಂಕಿಗಳೆಲ್ಲ ಇದ್ದಂತೆಯೇ ಇರಲಿ.

ಯಂತ್ರ ಯಾವುದಿರಲಿ

ಅಂಗಡಿಯ ಯಂತ್ರದಲ್ಲಿ ಉಬುಂಟು ಅಥವಾ ಡೆಬಿಯನ್ ಹಾಕುವುದು ಒಳ್ಳೆಯದು. ವಿಂಡೋಸ್‌ನಲ್ಲೂ ಡಾಕರ್ ಡೆಸ್ಕ್‌ಟಾಪ್ ನಡೆಯುತ್ತದೆ, ಆದರೆ ಅದು ಏಳುವುದು ಯಾರಾದರೂ ಲಾಗಿನ್ ಆದ ಮೇಲೆ. ಕರೆಂಟು ಹೋಗಿ ಬಂದಾಗ ಗುಮಾಸ್ತರು ಬಂದು ಪಾಸ್‌ವರ್ಡ್ ಹೊಡೆಯುವ ತನಕ ಆಪ್ ಮಲಗಿಯೇ ಇರುತ್ತದೆ. ಲಿನಕ್ಸ್‌ನಲ್ಲಿ ಯಂತ್ರ ಎದ್ದರೆ ಸಾಕು, ಡಾಕರ್ ತಾನಾಗಿ ಏಳುತ್ತದೆ. ಹಳೆಯ 4 ಜಿಬಿ ರ‍್ಯಾಮಿನ ಕಂಪ್ಯೂಟರ್ ಈ ಕೆಲಸಕ್ಕೆ ಧಾರಾಳವಾಯಿತು.

ಉಬುಂಟುವಿನಲ್ಲಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಡಾಕರ್.ಐಒ
ಸುಡೊ ಯೂಸರ್‌ಮಾಡ್ -ಎಜಿ ಡಾಕರ್ ನಿಮ್ಮ-ಯೂಸರ್-ಹೆಸರು

ಎರಡನೆಯದರ -ಎಜಿಯಲ್ಲಿ ಜಿ ಮಾತ್ರ ದೊಡ್ಡಕ್ಷರ. ಅದಾದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಇಲ್ಲವಾದರೆ ‘ಪರ್ಮಿಷನ್ ಡಿನೈಡ್’ ಎಂದೇ ಹೇಳುತ್ತಿರುತ್ತದೆ. ಡಾಕರ್ ಗುಂಪಿಗೆ ಸೇರಿದವರಿಗೆ ಯಂತ್ರದ ರೂಟ್ ಅಧಿಕಾರ, ಅಂದರೆ ಪೂರ್ತಿ ಯಜಮಾನಿಕೆ, ಸಿಕ್ಕಂತೆಯೇ ಲೆಕ್ಕ. ಕಂಡಕಂಡವರನ್ನು ಆ ಗುಂಪಿಗೆ ಸೇರಿಸಬೇಡಿ.

ಫೋಲ್ಡರಿನಲ್ಲಿ ಏನೇನಿರಬೇಕು

ನಾಲ್ಕು ಫೈಲು: ಆಪ್.ಪೈ, ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ, ಡಾಕರ್‌ಫೈಲ್, .ಡಾಕರ್‌ಇಗ್ನೋರ್. ಓಡಿಸುವಾಗ ಬೇಕಾಗುವ .ಎನ್ವ್ ಫೈಲಿನ ಮಾತು ಮುಂದೆ ಬರುತ್ತದೆ. ಡಾಕರ್‌ಫೈಲ್‌ನ ಮೊದಲ ಅಕ್ಷರ ದೊಡ್ಡದು, ಹೆಸರಿಗೆ ಬಾಲ ಇಲ್ಲ. ನೋಟ್‌ಪ್ಯಾಡಿನಲ್ಲಿ ಉಳಿಸಿದರೆ ಅದು ಗುಟ್ಟಾಗಿ ಕೊನೆಗೆ .ಟಿಎಕ್ಸ್‌ಟಿ ಅಂಟಿಸಿಬಿಡುತ್ತದೆ, ಆಮೇಲೆ ಬಿಲ್ಡ್ ಮಾಡಿದರೆ ಫೈಲೇ ಇಲ್ಲ ಎನ್ನುತ್ತದೆ.

ರಿಕ್ವೈರ್‌ಮೆಂಟ್ಸ್‌ನಲ್ಲಿ ಆವೃತ್ತಿಯನ್ನು ಗಟ್ಟಿಮಾಡಿ ಬರೆಯಿರಿ:

ಫ್ಲಾಸ್ಕ್==3.0.3
ಗುನಿಕಾರ್ನ್==23.0.0

ಬರೀ ‘ಫ್ಲಾಸ್ಕ್’ ಎಂದು ಬರೆದರೆ ಇವತ್ತು ಕಟ್ಟಿದ ಇಮೇಜಿಗೂ (ಕಂಟೇನರ್ ಎಬ್ಬಿಸಲು ಬೇಕಾದ ಅಚ್ಚು) ಆರು ತಿಂಗಳು ಬಿಟ್ಟು ಕಟ್ಟಿದ್ದಕ್ಕೂ ತಾಳೆಯಾಗುವುದಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ‘ಪಿಪ್ ಫ್ರೀಜ್’ ಕೊಡುವ ಇಡೀ ಸಾಲುಗಳನ್ನೇ ಹಾಕಿ. ಆಗ ವರ್ಕ್‌ಜ್ಯೂಗ್, ಜಿಂಜಾ ಮುಂತಾದ ಒಳಗಿನ ಲೈಬ್ರರಿಗಳೂ ಕದಲುವುದಿಲ್ಲ.

ಆಪನ್ನು ನಿಜವಾದ ಕೆಲಸಕ್ಕೆ ಓಡಿಸುವ ಸರ್ವರ್ ಗುನಿಕಾರ್ನ್. ಅದು ಯಾಕೆ? ಫ್ಲಾಸ್ಕ್ ಜೊತೆಗೆ ಬರುವ ಸರ್ವರ್ ಬರೆಯುವಾಗ ನೋಡಿಕೊಳ್ಳಲಿಕ್ಕೆ ಮಾತ್ರ, ಅದನ್ನು ಎಬ್ಬಿಸಿದಾಗಲೆಲ್ಲ ಅದೇ ಹಾಗೆಂದು ಎಚ್ಚರಿಸುತ್ತದೆ. ಡಿಬಗ್ ಆನ್ ಇಟ್ಟು ಅದನ್ನೇ ಅಂಗಡಿಯಲ್ಲಿ ಓಡಿಸುವುದೆಂದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕದೆ ಊಟಕ್ಕೆ ಹೋದ ಹಾಗೆ.

.ಡಾಕರ್‌ಇಗ್ನೋರ್‌ನಲ್ಲಿ ಇಷ್ಟು:

.ಗಿಟ್
ವೆನ್ವ್
.ಎನ್ವ್
**/__ಪೈಕ್ಯಾಶ್__
**/*.ಡಿಬಿ

ಕೊನೆಯ ಎರಡರ ಮುಂದಿನ ಜೋಡಿ ನಕ್ಷತ್ರ ಮುಖ್ಯ. ಅದಿಲ್ಲದಿದ್ದರೆ ಮೇಲಿನ ಫೋಲ್ಡರಿಗಷ್ಟೇ ನಿಯಮ ತಗಲುತ್ತದೆ, ಒಳ ಫೋಲ್ಡರಿನ ಫೈಲು ನುಸುಳುತ್ತದೆ. ಈ ಫೈಲು ಬರೆಯುವುದನ್ನು ಮರೆತರೆ ಲ್ಯಾಪ್‌ಟಾಪಿನ ಪರೀಕ್ಷೆ ಲೆಕ್ಕ, ಪಾಸ್‌ವರ್ಡು, ವಿಂಡೋಸ್‌ಗೆಂದು ಕಟ್ಟಿದ ವೆನ್ವ್ (ಪೈಥಾನ್ ಲೈಬ್ರರಿಗಳ ಫೋಲ್ಡರ್) ಎಲ್ಲ ಇಮೇಜಿನೊಳಗೆ ಹೋಗಿ ಕೂರುತ್ತವೆ.

ಡಾಕರ್‌ಫೈಲ್

ಫ್ರಮ್ ಪೈಥಾನ್:3.12-ಸ್ಲಿಮ್
ವರ್ಕ್‌ಡಿರ್ /ಆಪ್
ಎನ್ವ್ ಪೈಥಾನ್‌ಅನ್‌ಬಫರ್ಡ್=1
ಎನ್ವ್ ಟಿಝಡ್=ಏಷ್ಯಾ/ಕೋಲ್ಕತಾ
ಕಾಪಿ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ .
ರನ್ ಪಿಪ್ ಇನ್‌ಸ್ಟಾಲ್ --ನೊ-ಕ್ಯಾಶ್-ಡಿರ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ
ಕಾಪಿ . .
ರನ್ ಯೂಸರ್‌ಆಡ್ -ಯು 1000 -ಎಂ ಕೆಲಸ && ಎಂಕೆಡಿರ್ /ಡೇಟಾ && ಚೋನ್ ಕೆಲಸ /ಡೇಟಾ
ಯೂಸರ್ ಕೆಲಸ
ಸಿಎಂಡಿ ["ಗುನಿಕಾರ್ನ್", "--ಬೈಂಡ್", "0.0.0.0:8000", "--ವರ್ಕರ್ಸ್", "2", "ಆಪ್:ಆಪ್"]

ಹತ್ತು ಸಾಲು, ಆದರೆ ಸಾಲುಗಳು ಹೀಗೇ ಇರುವುದಕ್ಕೆ ಕಾರಣ ಇದೆ.

ಸ್ಲಿಮ್ ಎಂದರೆ ಡೆಬಿಯನ್ ಮೇಲಿನ ತೆಳು ಇಮೇಜ್. ಬಾಲವಿಲ್ಲದ ‘ಪೈಥಾನ್:3.12’ ತಂದರೆ ಡಿಸ್ಕಿನಲ್ಲಿ ಸುಮಾರು 1 ಜಿಬಿ ಹಿಡಿಯುತ್ತದೆ, ಸ್ಲಿಮ್ ಅದರ ಎಂಟನೇ ಒಂದು ಪಾಲಿನಷ್ಟು. ಆಲ್ಪೈನ್ ಇನ್ನೂ ಚಿಕ್ಕದು, ಆದರೆ ಅದರ ಸಿ ಲೈಬ್ರರಿಯೇ ಬೇರೆ. ಕೆಲವು ಪ್ಯಾಕೇಜಿಗೆ ಅಲ್ಲಿ ಸಿದ್ಧ ಕಡತ ಸಿಗುವುದಿಲ್ಲ, ಪಿಪ್ ಸೋರ್ಸಿನಿಂದ ಕಟ್ಟಲು ಹೋಗಿ ಕಂಪೈಲರ್ ಇಲ್ಲವೆಂದು ನಿಲ್ಲುತ್ತದೆ. ಉಳಿಸಿದ ಒಂದಷ್ಟು ಎಂಬಿಗೆ ಅರ್ಧ ದಿನ ಹೋಗುತ್ತದೆ, ಸ್ಲಿಮ್ ಸಾಕು.

ರಿಕ್ವೈರ್‌ಮೆಂಟ್ಸನ್ನು ಮೊದಲು, ಮಿಕ್ಕ ಕೋಡನ್ನು ಆಮೇಲೆ ಕಾಪಿ ಮಾಡಿರುವುದು ಬೇಕೆಂದೇ. ಡಾಕರ್ ಒಂದೊಂದು ಸಾಲಿನ ಫಲವನ್ನೂ ಪದರವಾಗಿ ಕಾದಿಡುತ್ತದೆ. ಒಂದು ಪದರ ಬದಲಾದರೆ ಅದರ ನಂತರದವೆಲ್ಲ ಹೊಸದಾಗಿ ಆಗಬೇಕು. ಎರಡೂ ಕಾಪಿಯನ್ನು ಒಂದೇ ಮಾಡಿದರೆ ಆಪ್.ಪೈನಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಲೈಬ್ರರಿಗಳೆಲ್ಲ ಮತ್ತೆ ಡೌನ್‌ಲೋಡ್. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೆಲಸ ಮಾಡುವವರಿಗೆ ಇದರ ಬೆಲೆ ಸಂಜೆಯೊಳಗೆ ಗೊತ್ತಾಗುತ್ತದೆ.

0.0.0.0 ಸಾಲಿನಲ್ಲಿ ಎಡವದವರು ಕಡಿಮೆ. ಕಂಟೇನರಿಗೆ ತನ್ನದೇ ನೆಟ್‌ವರ್ಕ್ ಇರುತ್ತದೆ, ಅದರೊಳಗಿನ 127.0.0.1 ಎಂದರೆ ಕಂಟೇನರ್ ತಾನೇ, ನಿಮ್ಮ ಯಂತ್ರವಲ್ಲ. ಆಪ್ 127.0.0.1ಕ್ಕೆ ಕಟ್ಟಿಕೊಂಡು ಕೂತರೆ ‘ಡಾಕರ್ ಪಿಎಸ್’ ಎಲ್ಲ ಸರಿ ಎನ್ನುತ್ತದೆ, ಬ್ರೌಸರ್ ಮಾತ್ರ ‘ಕನೆಕ್ಷನ್ ರಿಸೆಟ್’ ಅಥವಾ ಖಾಲಿ ಉತ್ತರ ತೋರಿಸುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ ಅದು ಬೇರೆ ಕಥೆ. ಓಡಿಸುವಾಗ ಪೋರ್ಟ್ ತೆರೆಯುವುದನ್ನು ಮರೆತಿದ್ದೀರಿ, ಇಲ್ಲವೇ ಕಂಟೇನರ್ ಸತ್ತಿದೆ. ಈ ಎರಡು ಪದಗಳ ವ್ಯತ್ಯಾಸ ತಿಳಿದಿದ್ದರೆ ಹುಡುಕಾಟ ಅರ್ಧ ಮುಗಿದಂತೆ.

ಸಿಎಂಡಿಯನ್ನು ಚೌಕ ಕಂಸದಲ್ಲೇ ಬರೆಯಿರಿ. ಬಿಡಿಸಾಲಾಗಿ ಬರೆದರೆ ನಡುವೆ ಒಂದು ಶೆಲ್ ಬಂದು ಕೂರಬಹುದು, ‘ನಿಲ್ಲಿಸು’ ಎಂಬ ಸಂಕೇತ ಗುನಿಕಾರ್ನಿನವರೆಗೆ ಮುಟ್ಟದೆ ಹೋಗಬಹುದು. ಡಾಕರ್ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಕೊಂದೇಬಿಡುತ್ತದೆ. ‘ಡಾಕರ್ ಸ್ಟಾಪ್’ ಕೊಟ್ಟಾಗಲೆಲ್ಲ ಸರಿಯಾಗಿ ಹತ್ತು ಸೆಕೆಂಡ್ ತಡವಾಗುತ್ತಿದ್ದರೆ ಇದೇ ರೋಗ.

ಬೆಳಗಿನ ಜಾವದ ಪಟ್ಟಿ ಹಿಂದಿನ ದಿನಕ್ಕೆ ಹೋಗುವುದು

ಟಿಝಡ್ ಸಾಲನ್ನು ಬಿಟ್ಟರೆ ಕಂಟೇನರಿನ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಹಗಲು ಹೊತ್ತು ಪರೀಕ್ಷೆ ಮಾಡಿದವರಿಗೆ ದಿನಾಂಕ ಸರಿಯಾಗಿಯೇ ಕಾಣುತ್ತದೆ. ದೀಪಾವಳಿಯ ಆಸುಪಾಸು ಮೆಕ್ಕೆಜೋಳದ ಆವಕ ಜೋರಾಗಿ, ಜಗಳೂರು ಕಡೆಯ ಟ್ರ್ಯಾಕ್ಟರೊಂದು ಬೆಳಗಿನ 5 ಗಂಟೆ 10 ನಿಮಿಷಕ್ಕೆ ಬಂದು ನಮೂದಾಯಿತು ಎನ್ನಿ. ಕಂಟೇನರಿನಲ್ಲಿ ಆಗ ಹಿಂದಿನ ರಾತ್ರಿ 11 ಗಂಟೆ 40 ನಿಮಿಷ. ಆ ಚೀಲಗಳೆಲ್ಲ ನಿನ್ನೆಯ ಮೊತ್ತಕ್ಕೆ ಸೇರುತ್ತವೆ, ನಿನ್ನೆಯ ಲೆಕ್ಕವೋ ಆಗಲೇ ಮುಚ್ಚಿರುತ್ತದೆ.

ಟಿಝಡ್ ಹಾಕಿದರೆ ಪೈಥಾನಿನ ಸಮಯ ಸರಿಹೋಗುತ್ತದೆ. ಸ್ಲಿಮ್ ಇಮೇಜಿನಲ್ಲಿ ಕಾಲವಲಯದ ಮಾಹಿತಿ ಇದ್ದೇ ಇದೆ. ಎಸ್‌ಕ್ಯೂಲೈಟ್‌ನ ‘ಕರೆಂಟ್_ಟೈಮ್‌ಸ್ಟ್ಯಾಂಪ್’ ಮಾತ್ರ ಏನೇ ಹಾಕಿದರೂ ಯುಟಿಸಿಯನ್ನೇ ಕೊಡುತ್ತದೆ. ಟೇಬಲ್ಲಿನಲ್ಲಿ ಅದನ್ನು ಬಳಸಿದ್ದರೆ ತೆಗೆದು ಡೇಟ್‌ಟೈಮ್('ನೌ', 'ಲೋಕಲ್‌ಟೈಮ್') ಹಾಕಿ, ಇಲ್ಲವೇ ಸಮಯವನ್ನು ಪೈಥಾನಿನಿಂದಲೇ ಬರೆಯಿಸಿ.

ಕಟ್ಟುವುದು, ಓಡಿಸುವುದು

ಡಾಕರ್ ಬಿಲ್ಡ್ -ಟಿ ಪಟ್ಟಿ:1 .

ಕೊನೆಯ ಚುಕ್ಕೆ ‘ಈ ಫೋಲ್ಡರ್’ ಎಂದು. ಅದನ್ನು ಬಿಟ್ಟರೆ ಒಂದು ಆರ್ಗ್ಯುಮೆಂಟ್ ಬೇಕು ಎಂದು ಗೊಣಗುತ್ತದೆ. ಹೆಸರಿನ ಮುಂದಿನ 1 ಆವೃತ್ತಿ. ‘ಲೇಟೆಸ್ಟ್’ ಎಂದೇ ಎಲ್ಲದಕ್ಕೂ ಹೆಸರಿಟ್ಟರೆ ಹೊಸದು ಕೆಟ್ಟಾಗ ಹಳೆಯದಕ್ಕೆ ಮರಳಲು ಹಿಡಿಕೆಯೇ ಇರುವುದಿಲ್ಲ.

ಡಾಕರ್ ರನ್ -ಡಿ --ನೇಮ್ ಪಟ್ಟಿ -ಪಿ 8080:8000 -ವಿ ಪಟ್ಟಿ-ಡೇಟಾ:/ಡೇಟಾ --ಎನ್ವ್-ಫೈಲ್ .ಎನ್ವ್ --ಮೆಮೊರಿ 256ಎಂ --ಲಾಗ್-ಆಪ್ಟ್ ಮ್ಯಾಕ್ಸ್-ಸೈಜ್=10ಎಂ --ಲಾಗ್-ಆಪ್ಟ್ ಮ್ಯಾಕ್ಸ್-ಫೈಲ್=3 --ರೀಸ್ಟಾರ್ಟ್ ಅನ್‌ಲೆಸ್-ಸ್ಟಾಪ್ಡ್ ಪಟ್ಟಿ:1

ಇದೆಲ್ಲ ಒಂದೇ ಸಾಲು. 8080 ಹೊರಗಿನ ಪೋರ್ಟ್, 8000 ಒಳಗಿನದು. ಎಡಕ್ಕೆ ಹೊರಗು, ಬಲಕ್ಕೆ ಒಳಗು. -ವಿ ಕೊಟ್ಟು ಜೋಡಿಸುವ ವಾಲ್ಯೂಮಿಗೂ (ಡಾಕರ್ ಕಂಟೇನರಿನ ಹೊರಗೆ ಡೇಟಾ ಕಾದಿಡುವ ಜಾಗ) ಇದೇ ಕ್ರಮ. ಎಲ್ಲ ಆಯ್ಕೆಗಳೂ ಇಮೇಜ್ ಹೆಸರಿಗಿಂತ ಮೊದಲೇ ಬರಬೇಕು, ಆಮೇಲೆ ಬರೆದದ್ದನ್ನು ಡಾಕರ್ ಆಪ್‌ಗೆ ಕೊಡುವ ಕಮಾಂಡ್ ಎಂದುಕೊಳ್ಳುತ್ತದೆ.

ಲಾಗ್ ಮಿತಿಯನ್ನು ಬಿಡಬೇಡಿ. ಸುಮ್ಮನೆ ಬಿಟ್ಟರೆ ಡಾಕರಿನ ಲಾಗ್ ಫೈಲಿಗೆ ಎಲ್ಲೆಯೇ ಇಲ್ಲ, ಹಳೆಯ 120 ಜಿಬಿ ಡಿಸ್ಕ್ ಒಂದು ದಿನ ತುಂಬಿ ನಿಲ್ಲುತ್ತದೆ. ‘ಅನ್‌ಲೆಸ್-ಸ್ಟಾಪ್ಡ್’ ಎಂದರೆ ನೀವಾಗಿ ನಿಲ್ಲಿಸದ ಹೊರತು ಕರೆಂಟು ಬಂದಾಗ ತಾನೇ ಏಳು ಎಂದು.

ಅಂಗಡಿಯ ವೈಫೈನಲ್ಲಿರುವ ಮೊಬೈಲಿನಿಂದ 192.168ರಿಂದ ಶುರುವಾಗುವ ಆ ಯಂತ್ರದ ವಿಳಾಸದ ಮುಂದೆ :8080 ಹೊಡೆದರೆ ಆಪ್ ತೆರೆಯಬೇಕು. ವಿಳಾಸ ದಿನಕ್ಕೊಂದು ಆಗದಂತೆ ರೌಟರಿನಲ್ಲಿ ಕಾಯಂ ಮಾಡಿ. ಇದನ್ನೇ ಇಂಟರ್‌ನೆಟ್ಟಿನಲ್ಲಿರುವ ಬಾಡಿಗೆ ಸರ್ವರಿನಲ್ಲಿ ಓಡಿಸುವುದಾದರೆ -ಪಿ 127.0.0.1:8080:8000 ಎಂದು ಬರೆದು ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಡಾಕರ್ ತೆರೆದ ಪೋರ್ಟ್ ಅದರ ಪಕ್ಕದಿಂದ ಹಾದುಹೋಗುತ್ತದೆ.

.ಎನ್ವ್ ಫೈಲಿನಲ್ಲಿ ಗುಪ್ತ ಕೀಲಿ, ಡೇಟಾಬೇಸಿನ ದಾರಿ ಇರುತ್ತವೆ. ಅಲ್ಲಿ ಬರೆಯುವ ಮೌಲ್ಯದ ಸುತ್ತ ಉದ್ಧರಣ ಚಿಹ್ನೆ ಹಾಕಬೇಡಿ. ‘ಡಾಕರ್ ರನ್’ ಅದನ್ನೂ ಮೌಲ್ಯದ ಭಾಗ ಎಂದೇ ತೆಗೆದುಕೊಳ್ಳುತ್ತದೆ. ಗುಪ್ತ ಕೀಲಿಯನ್ನು ಕೋಡಿನಲ್ಲಿ ಪ್ರತಿಸಲ ಹೊಸದಾಗಿ ಹುಟ್ಟಿಸುವ ಚಾಳಿಯೂ ಬೇಡ. ಗುನಿಕಾರ್ನಿನ ಎರಡು ವರ್ಕರಿಗೂ (ಆಪನ್ನು ಒಟ್ಟೊಟ್ಟಿಗೆ ಓಡಿಸುವ ಪ್ರತಿಗಳು) ಬೇರೆಬೇರೆ ಕೀಲಿ ಸಿಕ್ಕಿ ಗುಮಾಸ್ತರು ಒಂದು ಕ್ಲಿಕ್ಕಿಗೆ ಲಾಗಿನ್ ಆಗಿರುತ್ತಾರೆ, ಮುಂದಿನ ಕ್ಲಿಕ್ಕಿಗೆ ಹೊರಗೆ. ಒಂದೇ ವರ್ಕರ್ ಇದ್ದ ಲ್ಯಾಪ್‌ಟಾಪಿನಲ್ಲಿ ಈ ಆಟ ಕಾಣಿಸುವುದೇ ಇಲ್ಲ.

ಪಟ್ಟಿಗಳು ಉಳಿಯುವ ಜಾಗ

ಡೇಟಾಬೇಸ್ ಫೈಲು /ಡೇಟಾದ ಒಳಗೆ ಇರಬೇಕು, /ಆಪ್‌ನಲ್ಲಿ ಅಲ್ಲ. /ಆಪ್‌ನಲ್ಲಿ ಬರೆದದ್ದು ಕಂಟೇನರ್ ಜೊತೆಗೇ ಹೋಗುತ್ತದೆ. ‘ಸ್ಟಾಪ್’, ‘ಸ್ಟಾರ್ಟ್’ ಮಾಡಿ ನೋಡಿದರೆ ಲೆಕ್ಕ ಇರುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಅನಿಸುತ್ತದೆ. ಆವೃತ್ತಿ ಬದಲಿಸಲು ‘ಆರ್‌ಎಂ’ ಮಾಡಿದ ದಿನ ಅಷ್ಟೂ ಪಟ್ಟಿ ಮಾಯ.

ಮೇಲಿನ ಕಮಾಂಡಿನಲ್ಲಿರುವ ‘ಪಟ್ಟಿ-ಡೇಟಾ’ ಹೆಸರಿಟ್ಟ ವಾಲ್ಯೂಮ್. ಡಾಕರ್‌ಫೈಲಿನಲ್ಲಿ /ಡೇಟಾ ಮಾಡಿ ‘ಕೆಲಸ’ ಎಂಬ ಬಳಕೆದಾರನಿಗೆ ಬರೆದುಕೊಟ್ಟದ್ದರಿಂದ, ಖಾಲಿ ವಾಲ್ಯೂಮ್ ಮೊದಲ ಸಲ ಏರುವಾಗ ಆ ಒಡೆತನವೇ ಅದಕ್ಕೂ ಬರುತ್ತದೆ. ವಾಲ್ಯೂಮಿನ ಬದಲು ಯಂತ್ರದ ಫೋಲ್ಡರನ್ನೇ ಜೋಡಿಸಿದರೆ ಈ ಅನುಕೂಲ ಇಲ್ಲ. ಫೋಲ್ಡರ್ ರೂಟ್‌ನ ಹೆಸರಿನಲ್ಲಿದ್ದರೆ ‘ಅನೇಬಲ್ ಟು ಓಪನ್ ಡೇಟಾಬೇಸ್ ಫೈಲ್’ ಅಥವಾ ‘ರೀಡ್‌ಓನ್ಲಿ ಡೇಟಾಬೇಸ್’ ಎಂಬ ದೂರು ಬರುತ್ತದೆ. ‘ಸುಡೊ ಚೋನ್ 1000 ಫೋಲ್ಡರಿನ-ದಾರಿ’ ಮಾಡಿದರೆ ವಾಸಿ. ಎಲ್ಲರಿಗೂ ಎಲ್ಲ ಅನುಮತಿ ಎನ್ನುವ 777 ಕೊಟ್ಟು ಬಾಗಿಲು ಬಿಚ್ಚುವುದು ಬೇಡ.

ತಕ್ಕಡಿಯ ಹತ್ತಿರ ಒಬ್ಬರು, ಗಲ್ಲಾದಲ್ಲಿ ಒಬ್ಬರು ಒಟ್ಟಿಗೆ ನಮೂದಿಸಿದಾಗ ‘ಡೇಟಾಬೇಸ್ ಈಸ್ ಲಾಕ್ಡ್’ ಬರಬಹುದು. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ‘ಪ್ರಾಗ್ಮ ಜರ್ನಲ್_ಮೋಡ್=ವಾಲ್’ (ಡಬ್ಲ್ಯು, ಎ, ಎಲ್ ಮೂರೇ ಅಕ್ಷರ; ಹೊಸದನ್ನು ಮೊದಲು ಪಕ್ಕದ ಫೈಲಿಗೆ ಬರೆಯುವ ಬಗೆ) ಹಾಕಿದರೆ ಓದುವವರು ಬರೆಯುವವರಿಗೆ ಅಡ್ಡವಾಗುವುದಿಲ್ಲ. ಪೈಥಾನ್ ಮೊದಲೇ 5 ಸೆಕೆಂಡ್ ಕಾಯುತ್ತದೆ, ಅದನ್ನು 15 ಮಾಡಿಕೊಳ್ಳಿ. ವಾಲ್ ಹಾಕಿದ ಮೇಲೆ ‘ಸಿಂಕ್ರೊನಸ್’ ಅನ್ನು ನಾರ್ಮಲ್‌ಗೆ ಇಳಿಸಿದರೆ ವೇಗ ಎಂದು ಹೇಳುವವರಿದ್ದಾರೆ. ನಿಜ, ಆದರೆ ಕರೆಂಟು ಥಟ್ಟನೆ ಹೋದರೆ ಕೊನೆಯ ಒಂದೆರಡು ಪಟ್ಟಿ ಹೋಗಬಹುದು. ಮಂಡಿಯಲ್ಲಿ ಆ ವೇಗ ಯಾರಿಗೆ ಬೇಕು. ಅದು ಫುಲ್‌ನಲ್ಲೇ ಇರಲಿ.

ವಾಲ್ ಇದ್ದಾಗ ಡೇಟಾಬೇಸಿನ ಪಕ್ಕ ಇನ್ನೆರಡು ಫೈಲು ಹುಟ್ಟುತ್ತವೆ. ಹೊಸ ಪಟ್ಟಿಗಳು ಮೊದಲು ಅಲ್ಲಿಗೆ ಬೀಳುವುದರಿಂದ, ಆಪ್ ಓಡುತ್ತಿರುವಾಗ ಬರೀ .ಡಿಬಿ ಫೈಲನ್ನು ಪೆನ್‌ಡ್ರೈವಿಗೆ ಎಳೆದುಕೊಂಡರೆ ಅದು ಅರ್ಧಂಬರ್ಧ ನಕಲು. ಹೀಗೆ ಮಾಡಿ:

ಡಾಕರ್ ಎಕ್ಸೆಕ್ ಪಟ್ಟಿ ಪೈಥಾನ್ -ಎಂ ಎಸ್‌ಕ್ಯೂಲೈಟ್3 /ಡೇಟಾ/ಪಟ್ಟಿ.ಡಿಬಿ "ವ್ಯಾಕ್ಯೂಮ್ ಇನ್‌ಟು '/ಡೇಟಾ/ನಕಲು-ಸೋಮ.ಡಿಬಿ'"
ಡಾಕರ್ ಸಿಪಿ ಪಟ್ಟಿ:/ಡೇಟಾ/ನಕಲು-ಸೋಮ.ಡಿಬಿ .

ಸ್ಲಿಮ್ ಇಮೇಜಿನಲ್ಲಿ ಎಸ್‌ಕ್ಯೂಲೈಟ್‌ನ ಕಮಾಂಡ್ ಇರುವುದಿಲ್ಲ, ಆದರೆ ಪೈಥಾನ್ 3.12ರಿಂದ ಈ ಕೆಲಸ ಪೈಥಾನಿನ ಒಳಗೇ ಇದೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ನಿರಾಕರಿಸುತ್ತದೆ. ದಿನದ ಹೆಸರಿನ ಬದಲು ತಾರೀಕು ಹಾಕಿದರೆ ಒಳ್ಳೆಯದು.

ಕೆಟ್ಟಾಗ ಎಲ್ಲಿ ನೋಡಬೇಕು

ಮೊದಲು ‘ಡಾಕರ್ ಪಿಎಸ್ -ಎ’, ಆಮೇಲೆ ‘ಡಾಕರ್ ಲಾಗ್ಸ್ --ಟೇಲ್ 50 ಪಟ್ಟಿ’. ಲಾಗ್ ಪೂರ್ತಿ ಖಾಲಿ ಕಂಡರೆ ಅನ್‌ಬಫರ್ಡ್ ಸಾಲು ಬಿಟ್ಟಿದ್ದೀರಾ ನೋಡಿ. ಪೈಥಾನ್ ಮುದ್ರಿಸಿದ್ದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತದೆ. ಎಕ್ಸಿಟ್ 137 ಎಂದರೆ ಬಲವಂತವಾಗಿ ಕೊಂದದ್ದು, ಹೆಚ್ಚಿನ ಸಲ ಮೆಮೊರಿ ಮಿತಿ ಮೀರಿದ್ದಕ್ಕೆ. ‘ಡಾಕರ್ ಇನ್‌ಸ್ಪೆಕ್ಟ್ ಪಟ್ಟಿ’ ಕೊಡುವ ಉದ್ದನೆಯ ಉತ್ತರದಲ್ಲಿ ‘ಒಒಎಂಕಿಲ್ಡ್’ ಎಂಬ ಪದ ಹುಡುಕಿ, ಟ್ರೂ ಎಂದಿದ್ದರೆ 256 ಅನ್ನು 512 ಮಾಡಿ. ‘ವರ್ಕರ್ ಟೈಮೌಟ್’ ಎಂದರೆ ಒಂದು ಕೋರಿಕೆ 30 ಸೆಕೆಂಡಿನಲ್ಲಿ ಮುಗಿಯಲಿಲ್ಲ. ಇಡೀ ವರ್ಷದ ವರದಿಯನ್ನು ಒಂದೇ ಪುಟದಲ್ಲಿ ಕೇಳಿದಾಗ ಬರುವಂಥದ್ದು. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಇಮೇಜ್ ಕಟ್ಟಿದ ಪ್ರೊಸೆಸರೇ ಬೇರೆ ಜಾತಿಯದು: ಮಾಮೂಲಿ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕಟ್ಟಿ ರಾಸ್ಪ್‌ಬೆರಿ ಪೈಗೆ ಒಯ್ದಿರುತ್ತೀರಿ.

ಪಟ್ಟಿಯನ್ನು ಪಿಡಿಎಫ್ ಮಾಡಿ ಕೊಡುವುದಾದರೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಬ್ರೌಸರಿನಲ್ಲಿ ಕನ್ನಡ ಕಾಣುವುದು ಮೊಬೈಲಿನ ಫಾಂಟಿನಿಂದ, ಪಿಡಿಎಫ್ ಆಗುವುದು ಕಂಟೇನರಿನೊಳಗೆ, ಅಲ್ಲಿ ಕನ್ನಡ ಫಾಂಟೇ ಇಲ್ಲ. ಡಾಕರ್‌ಫೈಲಿನಲ್ಲಿ ಆಪ್ಟ್ ಮೂಲಕ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಹಾಕಿ. ಫಾಂಟು ಬಂದಮೇಲೂ ಒತ್ತಕ್ಷರ ಬಿಡಿಬಿಡಿಯಾಗಿ, ‘ಚನ್ನಗಿರಿ’ಯ ‘ನ್ನ’ದಲ್ಲಿ ಒತ್ತು ಪಕ್ಕಕ್ಕೆ ಬಿದ್ದು ಕಂಡರೆ ದೋಷ ಪಿಡಿಎಫ್ ಲೈಬ್ರರಿಯದು, ಅದಕ್ಕೆ ಅಕ್ಷರ ಕೂಡಿಸಲು ಬರುತ್ತಿಲ್ಲ. ವೀಸಿಪ್ರಿಂಟ್ ಪ್ಯಾಂಗೊ ಮೂಲಕ ಬರೆಯುವುದರಿಂದ ಒತ್ತು ಸರಿಯಾಗಿ ಕೂರುತ್ತದೆ. ಅದಕ್ಕೆ ಪ್ಯಾಂಗೊ ಲೈಬ್ರರಿಗಳನ್ನೂ ಆಪ್ಟ್‌ನಿಂದ ಸೇರಿಸಬೇಕು, ಇಮೇಜ್ ಸ್ವಲ್ಪ ದಪ್ಪವಾಗುತ್ತದೆ.

ಹೊಸ ಆವೃತ್ತಿ, ನೆಟ್ ಇಲ್ಲದ ಅಂಗಡಿ

ಚಳ್ಳಕೆರೆಯ ಶೇಂಗಾ ಅಂಗಡಿಗೆ ಇದೇ ಆಪ್ ಬೇಕಾಯಿತು, ಅಲ್ಲಿ ನೆಟ್ ನೆಚ್ಚುವಂತಿಲ್ಲ ಎಂದರೆ ಇಮೇಜನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ‘ಡಾಕರ್ ಸೇವ್ -ಒ ಪಟ್ಟಿ.ಟಾರ್ ಪಟ್ಟಿ:1’ ಎಂದು ಇಲ್ಲಿ ಕಟ್ಟಿ, ‘ಡಾಕರ್ ಲೋಡ್ -ಐ ಪಟ್ಟಿ.ಟಾರ್’ ಎಂದು ಅಲ್ಲಿ ಬಿಚ್ಚಿ. ಇದರಲ್ಲಿ ಆಪ್ ಮಾತ್ರ ಹೋಗುತ್ತದೆ. ವಾಲ್ಯೂಮಿನ ಲೆಕ್ಕ ಇಲ್ಲೇ ಉಳಿಯುತ್ತದೆ, ಉಳಿಯಬೇಕಾದದ್ದೂ ಹಾಗೆಯೇ.

ಆವೃತ್ತಿ ಬದಲಿಸುವಾಗ ಮೊದಲು ನಕಲು ತೆಗೆದು, ‘ಪಟ್ಟಿ:2’ ಎಂದು ಬಿಲ್ಡ್ ಮಾಡಿ, ಹಳೆಯ ಕಂಟೇನರಿಗೆ ಸ್ಟಾಪ್, ಆರ್‌ಎಂ ಕೊಟ್ಟು, ಅದೇ ಉದ್ದದ ಸಾಲನ್ನು ಕೊನೆಯ 1ನ್ನು 2 ಮಾಡಿ ಓಡಿಸಿ. ಉದ್ದದ ಸಾಲನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ನೆನಪಿನಿಂದ ಹೊಡೆಯುವಾಗ -ವಿ ಬಿಟ್ಟುಹೋದರೆ ಆಪ್ ಖಾಲಿ ಡೇಟಾಬೇಸಿನೊಂದಿಗೆ ಏಳುತ್ತದೆ. ಹಾಗಾದರೆ ಗಾಬರಿ ಬೇಡ, ಹಳೆಯ ವಾಲ್ಯೂಮ್ ಅಲ್ಲೇ ಇದೆ, -ವಿ ಸೇರಿಸಿ ಮತ್ತೆ ಓಡಿಸಿ. ಓಡಿಸುವ ಆಯ್ಕೆಗಳನ್ನೆಲ್ಲ ಫೈಲಿನಲ್ಲಿ ಬರೆದಿಡುವ ಡಾಕರ್ ಕಂಪೋಸ್ ಬಳಸುವವರು ‘ಡೌನ್ -ವಿ’ ಹೊಡೆಯುವ ಮುನ್ನ ಎರಡು ಸಲ ಯೋಚಿಸಿ. ಅಲ್ಲಿ -ವಿ ಎಂದರೆ ವಾಲ್ಯೂಮನ್ನೂ ಅಳಿಸು ಎಂದು.

ಅಂಗಡಿಗೆ ಒಪ್ಪಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಮೇಲಿನ 42 ಚೀಲದ ಪಟ್ಟಿಯನ್ನು ನಮೂದಿಸಿ. ‘ಡಾಕರ್ ಆರ್‌ಎಂ -ಎಫ್ ಪಟ್ಟಿ’ ಕೊಟ್ಟು ಕಂಟೇನರನ್ನು ಅಳಿಸಿ, ಬರೆದಿಟ್ಟ ಸಾಲನ್ನು ಅಂಟಿಸಿ ಓಡಿಸಿ. ಪಟ್ಟಿ ತೆರೆದು 54,180 ಮತ್ತು ಇವತ್ತಿನ ತಾರೀಕು ಇದೆಯೇ ನೋಡಿ. ಆಮೇಲೆ ಯಂತ್ರದ ಪ್ಲಗ್ಗನ್ನೇ ಕಿತ್ತು, ಮತ್ತೆ ಹಚ್ಚಿ ಆನ್ ಮಾಡಿ, ಕೀಬೋರ್ಡ್ ಮುಟ್ಟದೆ ಮೊಬೈಲಿನಿಂದ ಆಪ್ ತೆರೆಯಿರಿ.